ನಿನ್ನೆಯ ಬನ್ನು

ಅಂಗಡಿಯಲ್ಲಿ ಬ್ರೆಡ್ ಕೊಳ್ಳುವಾಗ ನನಗೊಂದು ಕೆಟ್ಟ ಅಭ್ಯಾಸ. ಪ್ಯಾಕೆಟ್ಟನ್ನು ಕೈಗೆತ್ತಿಕೊಂಡವನು ಮೊದಲು ಅದನ್ನು ತಲೆಕೆಳಗು ಮಾಡಿ ಅಡಿಭಾಗ ನೋಡುತ್ತೇನೆ. ಆಮೇಲೆ ಬೆಳಕಿಗೆ ಒಡ್ಡಿ ನಾಲ್ಕೂ ಮೂಲೆ ನೋಡುತ್ತೇನೆ. ಕೊನೆಗೆ ಮೂಗಿನ ಹತ್ತಿರ ತರುತ್ತೇನೆ. ಪ್ಲಾಸ್ಟಿಕ್ಕಿನ ಹೊರಗಿನಿಂದ ಏನೂ ವಾಸನೆ ಬರುವುದಿಲ್ಲ ಎಂಬುದು ನನಗೂ ಗೊತ್ತು. ಮೊನ್ನೆ ಅಂಗಡಿಯ ಹುಡುಗಿ, "ಅಂಕಲ್, ಅದು ಬ್ರೆಡ್. ಹಲಸಿನ ಹಣ್ಣಲ್ಲ" ಎಂದಳು. ಜೊತೆಗಿದ್ದ ಹೆಂಡತಿ ನನಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಎದುರಿನ ಔಷಧಿ ಅಂಗಡಿಯ ಬೋರ್ಡನ್ನು ಓದುತ್ತ ನಿಂತಳು.

ಮದುವೆಯಾಗಿ ಇಷ್ಟು ವರ್ಷವಾದರೂ ಈ ಅಭ್ಯಾಸದ ಮೂಲವನ್ನು ಅವಳಿಗೆ ಪೂರ್ತಿಯಾಗಿ ಹೇಳಿಲ್ಲ. ನಾನೊಂದು ಕಾಲದಲ್ಲಿ ಬೇಕರಿಯವನಾಗಿದ್ದೆ ಎನ್ನುವಷ್ಟು ಅವಳಿಗೆ ಗೊತ್ತು. ಉಳಿದದ್ದನ್ನು ನಿಮಗೆ ಹೇಳುತ್ತೇನೆ. ನೀವು ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗುವವರಲ್ಲ, ಹಾಗಾಗಿ ಧೈರ್ಯ.

ನಾನು ಹುಟ್ಟಿ ಬೆಳೆದ ಕಲ್ಯಾಣಪುರದ ಮನೆಗೆ ಬ್ರೆಡ್ ಬರುತ್ತಿದ್ದುದು ಯಾರಿಗಾದರೂ ಜ್ವರ ಬಂದಾಗ ಮಾತ್ರ. ಡಾಕ್ಟರು "ಗಂಜಿ ಬೇಡ, ಬ್ರೆಡ್ ಕೊಡಿ" ಎಂದರೆ ಮಕ್ಕಳಾದ ನಮಗೆಲ್ಲ ಹಬ್ಬ. ಅಪ್ಪ ಮೇಣದ ಕಾಗದದಲ್ಲಿ ಸುತ್ತಿದ ಅರ್ಧ ಪೌಂಡಿನ ಬ್ರೆಡ್ ತರುತ್ತಿದ್ದರು. ರೋಗಿಗೆ ಬಿಸಿ ಹಾಲಿನಲ್ಲಿ ಅದ್ದಿದ ಎರಡು ತುಂಡು. ಕಂದು ಬಣ್ಣದ ಅಂಚು ಉಳಿದ ನಮಗೆ. ಅಣ್ಣನಿಗೆ ಜ್ವರ ಬಂದರೆ ನನಗೆ ಹೊಟ್ಟೆಕಿಚ್ಚು. ಒಮ್ಮೆ ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡರೆ ಮೈ ಬಿಸಿಯಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಇಡೀ ಬೆಳಗ್ಗೆ ಹಾಗೇ ಮಲಗಿದ್ದೆ. ಜ್ವರ ಬರಲಿಲ್ಲ, ಈರುಳ್ಳಿ ವಾಸನೆಗೆ ಅಮ್ಮ ಬಂದರು. ಹೀಗೆ ಬ್ರೆಡ್ಡಿಗಾಗಿ ಸುಳ್ಳು ಹೇಳುವುದು ನನಗೆ ಬಾಲ್ಯದಿಂದಲೇ ಬಂದ ವಿದ್ಯೆ.

ಎಂಬತ್ತರ ದಶಕದ ಆರಂಭದಲ್ಲಿ, ಬಿ.ಕಾಂ. ಮುಗಿಸಿ ಕೆಲಸವಿಲ್ಲದೆ ಮೂರು ವರ್ಷ ಕಳೆದ ಮೇಲೆ, ಕಾಪುವಿನ ಹಸನಾಕನ ಬೇಕರಿಗೆ ಪಾಲುದಾರನಾಗಿ ಸೇರಿದೆ. ಹಸನಾಕ ಎಂದರೆ ಹಸನಬ್ಬ ಬ್ಯಾರಿ. ವಯಸ್ಸಿನಲ್ಲಿ ಹಿರಿಯರಾದ್ದರಿಂದ ಊರಿಗೆಲ್ಲ ಹಸನಾಕ. ಆಗ ಅವರಿಗೆ ಐವತ್ತೈದು. ಬೊಂಬಾಯಿಯ ಬೇಕರಿಯೊಂದರಲ್ಲಿ ಇಪ್ಪತ್ತು ವರ್ಷ ಹಿಟ್ಟು ನಾದಿ, ಊರಿಗೆ ಬಂದು ಹೆದ್ದಾರಿಯ ಬದಿಯಲ್ಲಿ ಬ್ರೆಡ್ ಬೇಯಿಸಲು ಇಟ್ಟಿಗೆಯಿಂದ ಭಟ್ಟಿ ಕಟ್ಟಿಸಿದ್ದರು. ಭಟ್ಟಿ ಅವರದು, ಹೆಂಡತಿ ಬೀಫಾತಿಮಾ ಅವರ ಸಹಾಯಕ್ಕೆ, ಓಡಾಟ ನನ್ನದು. ಮುಂಜಾನೆ ಬೇಯಿಸಿದ ಬ್ರೆಡ್ಡು, ಬನ್ನುಗಳನ್ನು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿಸಿಕೊಂಡು ಬಸ್ಸು ಹತ್ತಿ, ಕಟಪಾಡಿ, ಉಡುಪಿ, ಮಣಿಪಾಲದ ಅಂಗಡಿಗಳಿಗೆ ಕೊಟ್ಟು ಬರುವುದು. ನಮ್ಮ ನಡುವಿನ ಮಾತೆಲ್ಲ ತುಳುವಿನಲ್ಲಿ. ನಿಮಗಾಗಿ ಇಲ್ಲಿ ಕನ್ನಡ ಮಾಡಿದ್ದೇನೆ.

ಹಸನಾಕನ ಬೇಕರಿಗೆ ಒಂದೇ ಒಂದು ಕಾನೂನು. ಮಾರಾಟವಾಗದೆ ಉಳಿದದ್ದು ಅದೇ ದಿನ ಭಟ್ಟಿಗೆ ವಾಪಸು ಬರಬೇಕು. ಅಂಗಡಿಯವರು ಕೊಡದಿದ್ದರೂ ಕೇಳಿ ತರಬೇಕು. ಉಳಿದ ಬ್ರೆಡ್ಡನ್ನು ಅವರು ತೆಳ್ಳಗೆ ಕೊಯ್ದು, ಭಟ್ಟಿಯ ಇಳಿಬಿಸಿಯಲ್ಲಿ ಒಣಗಿಸಿ ರಸ್ಕು ಮಾಡುತ್ತಿದ್ದರು. ಬನ್ನುಗಳನ್ನು ಎರಡು ಹೋಳು ಮಾಡಿ, ಸಕ್ಕರೆ ನೀರು ಚಿಮುಕಿಸಿ, ಅದನ್ನೂ ಒಣಗಿಸುತ್ತಿದ್ದರು. ರಸ್ಕಿನ ಪುಡಿಯನ್ನು ಬೀಫಾತಿಮಾ ಜರಡಿ ಹಿಡಿದು ಡಬ್ಬಿಗೆ ತುಂಬಿದರೆ ಅದು ಉಡುಪಿಯ ಹೋಟೆಲುಗಳಿಗೆ, ಕಟ್ಲೆಟ್ಟಿನ ಮೇಲೆ ಹಚ್ಚುವುದಕ್ಕೆ. ತೀರ ಕರಿಯಾದದ್ದು ನೆರೆಮನೆಯ ಎಮ್ಮೆಗೆ. ಹೀಗೆ ಹಸನಾಕ ಒಂದು ಬ್ರೆಡ್ಡನ್ನು ಮೂರು ನಾಲ್ಕು ಸಲ ಮಾರಬಲ್ಲವರಾಗಿದ್ದರು.

ನನಗೆ ಇದೆಲ್ಲ ನಾಚಿಕೆಯ ಕೆಲಸವಾಗಿ ಕಾಣುತ್ತಿತ್ತು. ಬಿ.ಕಾಂ. ಓದಿದವನು ಸಂಜೆ ಖಾಲಿ ಪೆಟ್ಟಿಗೆಯೊಂದಿಗೆ ಹಿಂದಿರುಗಬೇಕು ತಾನೇ? ಉಳಿದ ಬನ್ನುಗಳನ್ನು ಹೊತ್ತುಕೊಂಡು ಬಸ್ಸು ಹತ್ತುವಾಗ ಕಂಡಕ್ಟರು, "ಎಂತ ಮಾರಾಯ್ರೆ, ಇವತ್ತೂ ಬನ್ನಿಗೆ ರಿಟರ್ನ್ ಟಿಕೇಟಾ?" ಎಂದು ಕೇಳುತ್ತಿದ್ದ. ಆ ಒಂದು ಮಾತು ನನ್ನನ್ನು ಕೆಡಿಸಿತು ಎಂದರೆ ತಪ್ಪನ್ನು ಕಂಡಕ್ಟರನ ಮೇಲೆ ಹಾಕಿದ ಹಾಗಾಗುತ್ತದೆ. ಆದರೂ ಹೇಳಿಬಿಟ್ಟೆ.

ಸೆಪ್ಟೆಂಬರ್ ಕೊನೆ. ಮಳೆಗಾಲ ಮುಗಿಯಿತು ಎಂದು ಎಲ್ಲರೂ ಕೊಡೆಯನ್ನು ಮೂಲೆಗಿಟ್ಟಿದ್ದ ವಾರ. ಮಣಿಪಾಲದಲ್ಲಿ ವಿದ್ಯಾರ್ಥಿಗಳಿಗೆ ಮೆಸ್ ನಡೆಸುತ್ತಿದ್ದ ಒಬ್ಬ ಕಂಟ್ರಾಕ್ಟರು ಮುನ್ನೂರು ಸಿಹಿ ಬನ್ನಿಗೆ ಆರ್ಡರು ಕೊಟ್ಟರು. ಭಾನುವಾರ ಹುಡುಗರೆಲ್ಲ ಮಲ್ಪೆಯ ಕಡಲಿಗೆ ಹೋಗುವವರಿದ್ದರು. ಅಷ್ಟು ದೊಡ್ಡ ಆರ್ಡರು ನಮ್ಮ ಬೇಕರಿಗೆ ಅದೇ ಮೊದಲು. ನಾನು ಹಾರಿಕೊಂಡೇ ಬಂದೆ.

"ಮಳೆ ಬಂದರೆ?" ಎಂದು ಹಸನಾಕ ಕೇಳಿದರು.

"ಎಂತ ಮಳೆ ಹಸನಾಕ? ಆಕಾಶ ನೋಡಿ."

ಅವರು ನಿಜವಾಗಿ ಹೊರಗೆ ಬಂದು ಆಕಾಶ ನೋಡಿದರು. ಆಮೇಲೆ ಕಡಲಿನ ಕಡೆ ನೋಡಿದರು. "ಬರೆಸಿಕೊಂಡಿದ್ದೀಯಾ ಅವರ ಹತ್ತಿರ?"

"ದೊಡ್ಡ ಜನ ಅವರು. ಬಾಯಿ ಮಾತು ಸಾಕು."

ಭಾನುವಾರ ಮುಂಜಾನೆ ಆರು ಪೆಟ್ಟಿಗೆಗಳಲ್ಲಿ ಐವತ್ತೈವತ್ತು ಬನ್ನು ತುಂಬಿ ಬಸ್ಸಿನ ಮೇಲೆ ಏರಿಸಿದೆ. ಬನ್ನು ಇನ್ನೂ ಪೂರ್ತಿ ಆರಿರಲಿಲ್ಲ. "ಮುಚ್ಚಳ ಸ್ವಲ್ಪ ತೆರೆದಿಡು, ಬೆವರುತ್ತದೆ" ಎಂದು ಬೀಫಾತಿಮಾ ಹೇಳಿದರು. ಉಡುಪಿ ದಾಟುವಷ್ಟರಲ್ಲಿ ಮಳೆ ಶುರುವಾಯಿತು. ಬಸ್ಸಿನ ಮೇಲೆ ಟಾರ್ಪಾಲು ಎಳೆದರು, ನಾನು ಮುಚ್ಚಳಗಳನ್ನು ಭದ್ರವಾಗಿ ಒತ್ತಿದೆ.

ಮಣಿಪಾಲದ ಮೆಸ್ಸಿನ ಬಾಗಿಲಲ್ಲಿ ಕಂಟ್ರಾಕ್ಟರು ಲುಂಗಿ ಉಟ್ಟು ಮಳೆ ನೋಡುತ್ತ ನಿಂತಿದ್ದರು. "ಈ ಮಳೆಯಲ್ಲಿ ಎಂತ ಮಲ್ಪೆ? ಹುಡುಗರು ಮಲಗಿದ್ದಾರೆ. ನಾಳೆ ರಜೆಯೇ ಅಲ್ವಾ, ಮಳೆ ನಿಂತರೆ ನಾಳೆ ಹೋಗುತ್ತಾರೆ. ಬನ್ನು ಎಲ್ಲಿಯಾದರೂ ಇಟ್ಟಿರಿ."

ಆ ಕ್ಷಣದಲ್ಲಿ ನಾನು ಮಾಡಬೇಕಾಗಿದ್ದುದು ಒಂದೇ. ಪೆಟ್ಟಿಗೆಗಳನ್ನು ಮತ್ತೆ ಬಸ್ಸಿಗೆ ಏರಿಸಿ ಕಾಪುವಿಗೆ ಹಿಂದಿರುಗುವುದು. ಮಧ್ಯಾಹ್ನದೊಳಗೆ ಮುನ್ನೂರು ಬನ್ನು ಆರುನೂರು ಹೋಳಾಗಿ ಭಟ್ಟಿಯೊಳಗಿರುತ್ತಿತ್ತು. ನಾನು ಮಾಡಿದ್ದೇನೆಂದರೆ, ಪರಿಚಯದ ಒಬ್ಬನ ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಗಳನ್ನು ಇಟ್ಟು, ಕೈ ಬೀಸಿಕೊಂಡು ಕಾಪುವಿಗೆ ಬಂದೆ.

"ಎಲ್ಲ ಹೋಯಿತಾ?" ಹಸನಾಕ ಕೇಳಿದರು.

"ಹೋಯಿತು."

"ಪೆಟ್ಟಿಗೆ?"

"ಅಲ್ಲೇ ಉಂಟು. ಖಾಲಿಯಾದ ಮೇಲೆ ತರುತ್ತೇನೆ."

ಸೋಮವಾರ ಮಳೆ ಇನ್ನೂ ಜೋರಾಯಿತು. ಕಂಟ್ರಾಕ್ಟರು "ನಾಳೆ ನೋಡುವ" ಎಂದರು. ಮಂಗಳವಾರ ಬೆಳಗ್ಗೆ ಹೋದಾಗ "ಈ ವಾರ ಇಲ್ಲ ಬಿಡಿ" ಎಂದು ಒಳಗೆ ಹೋದರು. ನಾನು ಸೈಕಲ್ ಅಂಗಡಿಯ ಕೋಣೆಯಲ್ಲಿ ಒಂದು ಪೆಟ್ಟಿಗೆಯ ಮುಚ್ಚಳ ತೆಗೆದೆ. ಮೇಲಿನ ಸಾಲು ಚೆನ್ನಾಗಿಯೇ ಕಂಡಿತು, ಕೆಂಪಗೆ ಹೊಳೆಯುತ್ತಿತ್ತು. ಒಂದನ್ನು ಒತ್ತಿ ನೋಡಿದೆ. ಮೆತ್ತಗಿತ್ತು. ಅಡಿಯನ್ನು ನೋಡಲಿಲ್ಲ. ನೋಡಲಿಲ್ಲ ಎನ್ನುವುದಕ್ಕಿಂತ, ನೋಡಬಾರದೆಂದು ನಿರ್ಧರಿಸಿದ್ದೆ ಎನ್ನುವುದು ಸರಿ. ಕಾಪು, ಕಟಪಾಡಿ, ಉಡುಪಿಯ ಅಂಗಡಿಗಳಲ್ಲಿ ನಮ್ಮ ಬನ್ನಿನ ಗುರುತು ಎಲ್ಲರಿಗೂ ಇತ್ತು. ಕಾರ್ಕಳದಲ್ಲಿ ಯಾರಿಗೂ ಇರಲಿಲ್ಲ. ಪೆಟ್ಟಿಗೆಗಳನ್ನೆಲ್ಲ ಏರಿಸಿ, ಹಿರಿಯಡ್ಕದ ದಾರಿಯಾಗಿ ಕಾರ್ಕಳಕ್ಕೆ ಹೋಗುವ ಮೊದಲ ಬಸ್ಸು ಹತ್ತಿದೆ.

ಒಂಬತ್ತು ಅಂಗಡಿಗಳಿಗೆ ಬನ್ನು ಹಂಚಿದೆ. "ಯಾವಾಗಿನದು?" ಎಂದು ಕೇಳಿದವರಿಗೆಲ್ಲ "ಬೆಳಗ್ಗಿನದು" ಎಂದೆ. ಯಾವ ಬೆಳಗ್ಗೆ ಎಂದು ಯಾರೂ ಕೇಳಲಿಲ್ಲ. ಕೊನೆಯ ಅಂಗಡಿ ರೋಸಿಬಾಯಿ ಎಂಬ ವಿಧವೆಯದು. ಅವರು ಮಾತ್ರ ಒಂದು ಬನ್ನನ್ನು ಕೈಯಲ್ಲಿ ತೂಗಿ, ನನ್ನ ಮುಖ ನೋಡಿ, "ನಿಮ್ಮನ್ನು ನೋಡಿದರೆ ಓದಿದವರ ಹಾಗೆ ಕಾಣುತ್ತದೆ. ಸರಿ, ಇಡಿ" ಎಂದರು. ನನ್ನ ಬಿ.ಕಾಂ. ಪದವಿ ಅಷ್ಟು ಚೆನ್ನಾಗಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಒಂಬತ್ತು ಗಂಟೆಯ ಹೊತ್ತಿಗೆ ಪೆಟ್ಟಿಗೆಗಳು ಖಾಲಿ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ತರಿಸಿ, ನನಗೆಂದು ಉಳಿಸಿಕೊಂಡಿದ್ದ ಒಂದು ಬನ್ನನ್ನು ಮುರಿದೆ. ಒಂದು ತುಂಡು ಬಾಯಿಗೆ ಹಾಕಿದ ಮೇಲೆ ಇನ್ನೊಂದರ ಅಡಿ ಕಣ್ಣಿಗೆ ಬಿತ್ತು. ನಾಲ್ಕಾಣೆಯಷ್ಟು ಅಗಲ, ಹಸಿರು ಬಣ್ಣದ ಬೂಷ್ಟು. ಬಾಯಲ್ಲಿದ್ದುದನ್ನು ಉಗಿದೆ. ಉಳಿದ ತುಂಡನ್ನು ಯಾರಿಗೂ ಕಾಣದಂತೆ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿದೆ. ಇದು ಯಾವ ಪೆಟ್ಟಿಗೆಯದು? ಒಂದರಲ್ಲಿ ಮಾತ್ರವಾ, ಆರರಲ್ಲೂ ಉಂಟಾ? ಯಾವ ಅಂಗಡಿಗೆ ಯಾವ ಪೆಟ್ಟಿಗೆಯಿಂದ ಕೊಟ್ಟೆ?

ಇಲ್ಲಿ ನಾನು ಎದ್ದು ಓಡಿದೆ ಎಂದು ಬರೆಯಲು ನನಗೂ ಆಸೆ. ಆದರೆ ನಾನು ಮಾಡಿದ್ದು ಪಡುಬಿದ್ರೆಯ ಬಸ್ಸು ಹತ್ತಿ ಕಿಟಕಿ ಬದಿಯಲ್ಲಿ ಕುಳಿತದ್ದು. ಒಂದೆರಡು ಬನ್ನಿನಲ್ಲಿ ಇರಬಹುದು, ನೋಡಿದವರು ಎಸೆಯುತ್ತಾರೆ, ನಾನು ಇನ್ನು ಕಾರ್ಕಳದ ಕಡೆ ತಲೆ ಹಾಕದಿದ್ದರಾಯಿತು ಎಂದು ಲೆಕ್ಕ ಹಾಕಿದೆ. ಬಸ್ಸು ಹೊರಟಿತು.

ಎದುರಿನ ಸೀಟಿನಲ್ಲಿ ಒಬ್ಬ ತಾಯಿ, ತೊಡೆಯ ಮೇಲೆ ಎರಡು ಮೂರು ವರ್ಷದ ಮಗು. ಮಗು ಹಟ ಮಾಡುತ್ತಿತ್ತು. ತಾಯಿ ಚೀಲದಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದಳು. ಕೆಂಪಗೆ ಹೊಳೆಯುವ ಬನ್ನು. ಹಸನಾಕನ ಬನ್ನಿನ ನೆತ್ತಿಯ ಮೇಲೆ ಬೆರಳಿನಿಂದ ಒತ್ತಿದ ಸಣ್ಣ ಗುಳಿ ಇರುತ್ತದೆ. ಆ ಗುಳಿ ಕಂಡಿತು. ಮಗು ಎರಡೂ ಕೈಯಲ್ಲಿ ಹಿಡಿದು ಬಾಯಿ ತೆರೆಯಿತು.

ನಾನು ಎದ್ದು ಬನ್ನನ್ನು ಕಸಿದುಕೊಂಡೆ.

ಮಗು ಕಿರುಚಿದ್ದಕ್ಕೆ ಇಡೀ ಬಸ್ಸು ತಿರುಗಿತು. "ಎಂತ ಇದು! ಹಸಿವಾದರೆ ಕೇಳಬೇಕು. ಮಗುವಿನ ಕೈಯಿಂದ ಕಸಿಯುವುದಾ?" ಎಂದು ತಾಯಿ ಕೂಗಿದಳು. ಹಿಂದಿನಿಂದ ಯಾರೋ ನನ್ನ ಶರ್ಟಿನ ಕಾಲರು ಹಿಡಿದರು.

"ಅದು ಹಾಳಾಗಿದೆ," ಎಂದೆ.

"ನಿಮಗೆ ಹೇಗೆ ಗೊತ್ತು?"

"ನಾನೇ ಮಾರಿದ್ದು."

ಮೂರು ದಿನಗಳಲ್ಲಿ ನಾನು ಆಡಿದ ಮೊದಲ ನಿಜ ಅದು. ಬನ್ನನ್ನು ಮುರಿದು ತೋರಿಸಿದೆ. ತಮಾಷೆ ಏನೆಂದರೆ ಅದರಲ್ಲಿ ಬೂಷ್ಟಿನ ಸುಳಿವೂ ಇರಲಿಲ್ಲ, ಬೆಳ್ಳಗೆ ಸ್ವಚ್ಛವಾಗಿತ್ತು. ಕಾಲರು ಹಿಡಿದವರು ಇನ್ನೂ ಬಿಗಿಯಾಗಿ ಹಿಡಿದರು. ನಾನು ಜೇಬಿನಲ್ಲಿ ಕಾಗದಕ್ಕೆ ಸುತ್ತಿಟ್ಟಿದ್ದ ಬೂಷ್ಟಿನ ತುಂಡನ್ನು ತೆಗೆದು ತೋರಿಸಿದ ಮೇಲೆ ತಾಯಿ ಮಗುವಿನ ಬಾಯನ್ನು ಸೆರಗಿನಿಂದ ಒರೆಸತೊಡಗಿದಳು. ಕಂಡಕ್ಟರು ಸೀಟಿ ಊದಿದ. "ಇಳಿಯಿರಿ ನೀವು. ಪೆಟ್ಟಿಗೆ ಸಮೇತ ಇಳಿಯಿರಿ."

ಖಾಲಿ ಪೆಟ್ಟಿಗೆಗಳನ್ನು ದಾರಿ ಬದಿಯ ಒಂದು ಮನೆಯ ಜಗುಲಿಯಲ್ಲಿ ಬಿಟ್ಟು, ಅಲ್ಲಿಂದಲೇ ಒಂದು ಸೈಕಲ್ಲು ಬೇಡಿ ತೆಗೆದುಕೊಂಡು ಮಳೆಯಲ್ಲಿ ಕಾರ್ಕಳಕ್ಕೆ ಹಿಂದಿರುಗಿದೆ. ಎರಡು ಮೈಲಿ. ಒಂದೊಂದೇ ಅಂಗಡಿಗೆ ಹೋಗಿ, ಮಾರಿದ್ದೆಷ್ಟು, ಉಳಿದದ್ದೆಷ್ಟು ಎಂದು ಕೇಳಿ, ಉಳಿದದ್ದನ್ನು ಗೋಣಿಚೀಲಕ್ಕೆ ತುಂಬಿದೆ. ಕೆಲವರು ಬೈದರು. ಒಬ್ಬ ಅಂಗಡಿಯವರು ಮಾತ್ರ ನನ್ನನ್ನು ಸಮಾಧಾನ ಮಾಡಿದರು. "ಯಾಕೆ ಹೆದರುತ್ತೀರಿ ಮಾರಾಯ್ರೆ? ಮೇಲೆ ಚೆನ್ನಾಗಿಯೇ ಉಂಟು. ಅಡಿ ಯಾರು ನೋಡುತ್ತಾರೆ? ಹೋಗುತ್ತದೆ ಬಿಡಿ." ಒಂದು ಗಂಟೆಯ ಹಿಂದೆ ನನ್ನ ತಲೆಯೊಳಗಿದ್ದ ಮಾತೇ ಅದು. ಅವರ ಕೈಯಿಂದ ಬನ್ನು ಬಿಡಿಸಿಕೊಳ್ಳಲು ಅಂಗಲಾಚಬೇಕಾಯಿತು.

ರೋಸಿಬಾಯಿಯ ಅಂಗಡಿಗೆ ಬಂದಾಗ ಡಬ್ಬಿ ಬಹುಮಟ್ಟಿಗೆ ಖಾಲಿಯಾಗಿತ್ತು.

"ನಲವತ್ತು ಬಾಲವಾಡಿಗೆ ಹೋಯಿತು," ಎಂದರು. "ಯಾರದೋ ಮಗುವಿನ ಹುಟ್ಟುಹಬ್ಬ ಅಂತ ಮಕ್ಕಳಿಗೆಲ್ಲ ಹಂಚುತ್ತಾರಂತೆ. ಯಾಕೆ, ಎಂತಾಯಿತು?"

ಹೇಳಿದೆ. ಅವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಗೋಡೆಯ ಗಡಿಯಾರ ನೋಡಿದರು. "ಹನ್ನೊಂದಕ್ಕೆ ಕೊಡುತ್ತಾರೆ. ಆನೆಕೆರೆಯ ದಾರಿ, ಹೆಂಚಿನ ಕಟ್ಟಡ. ನಿಂತದ್ದು ಎಂತ ನೀವು? ಓಡಿ!" ಹನ್ನೊಂದಕ್ಕೆ ಎಂಟು ನಿಮಿಷವಿತ್ತು.

ಗೋಣಿಚೀಲವನ್ನು ಅವರಲ್ಲೇ ಬಿಟ್ಟು ಹೊರಟೆ. ಸೈಕಲ್ಲಿನ ಚೈನು ಕೆರೆಯ ತಿರುವಿನಲ್ಲಿ ಕಳಚಿತು. ಅದನ್ನು ಅಲ್ಲೇ ಬೇಲಿಗೆ ಒರಗಿಸಿ ಓಡಿದೆ. ದೂರದಿಂದಲೇ ಮಕ್ಕಳ ಪ್ರಾರ್ಥನೆ ಕೇಳಿಸುತ್ತಿತ್ತು. ಮಕ್ಕಳು ಪ್ರಾರ್ಥನೆಯನ್ನು ಎಷ್ಟು ಎಳೆದು ಎಳೆದು ಹಾಡುತ್ತಾರೆಂದು ನಿಮಗೆ ಗೊತ್ತಲ್ಲ? ಇನ್ನೂ ಎಳೆಯಲಿ, ಮುಗಿಯದೇ ಇರಲಿ ಎಂದು ಬೇಡಿಕೊಳ್ಳುತ್ತ ಓಡಿದೆ. ಗೇಟಿನ ಹತ್ತಿರ ಬರುವಾಗ ಹಾಡು ನಿಂತಿತು. ಬಾಗಿಲಲ್ಲಿ ನಿಂತು, "ತಿನ್ನಬೇಡಿ!" ಎಂದು ಕೂಗಿದೆ.

ಮೂವತ್ತಾರು ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕುಳಿತಿದ್ದರು, ಎಲ್ಲರ ಕೈಯಲ್ಲೂ ಬನ್ನು. ಒದ್ದೆಯಾಗಿ, ಕೆಸರು ಮೆತ್ತಿ, ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿ ಅರ್ಧ ಮಕ್ಕಳು ಅಳಲು ಶುರುಮಾಡಿದರು. ಟೀಚರ್ ಒಂದು ಮಾತನ್ನೂ ಕೇಳದೆ ಮೊದಲು ಬುಟ್ಟಿ ಹಿಡಿದು ಎಲ್ಲರ ಕೈಯಿಂದ ಬನ್ನು ವಾಪಸು ತೆಗೆದುಕೊಂಡರು. ಆಮೇಲೆ ನನ್ನ ಮಾತು ಕೇಳಿದರು. ಅವರ ಹೆಸರು ಸುನಂದಾ. ತೆಳ್ಳಗಿನ ಮೈ, ಬಿಗಿಯಾದ ಜಡೆ, ಸಿಟ್ಟು ಬಂದಾಗ ದನಿ ತಗ್ಗಿಸಿ ಮಾತಾಡುವವರು.

"ಯಾರು ಯಾರು ತಿಂದಿದ್ದೀರಿ? ಕೈ ಎತ್ತಿ," ಎಂದರು.

ಮೂವತ್ತಾರು ಕೈಗಳೂ ಮೇಲೆ ಹೋದವು.

ಟೀಚರ್ ಒಬ್ಬೊಬ್ಬರ ಬಾಯನ್ನೂ ತೆರೆಸಿ ಬೆರಳು ಹಾಕಿ ನೋಡಿದರು. ಪ್ರಾರ್ಥನೆಯ ಮಧ್ಯದಲ್ಲೇ ಕಚ್ಚಿದ್ದವರು ನಾಲ್ಕು ಮಂದಿ. ಕಚ್ಚಿದ ನಾಲ್ಕು ಬನ್ನುಗಳಲ್ಲಿ ಒಂದರ ಅಡಿಯಲ್ಲಿ ಬೂಷ್ಟಿತ್ತು. ಅದು ಲೀಲಾ ಎಂಬ ನಾಲ್ಕು ವರ್ಷದ ಹುಡುಗಿಯದು.

"ನಾನು ಬೇರೆ ಅಂಗಡಿಗಳಿಂದ ಕೊಂಡವರನ್ನು..." ಎಂದು ಬಾಯಿ ತೆರೆದೆ.

"ಎಲ್ಲಿಗೂ ಇಲ್ಲ. ಈ ನಾಲ್ಕು ಮಕ್ಕಳು ಸರಿಯಾಗಿ ಮನೆಗೆ ಹೋಗುವವರೆಗೆ ನೀವು ಇಲ್ಲಿಂದ ಕದಲಬಾರದು."

ಹಾಗೆ ನಾನು ಮಕ್ಕಳ ಗಿಡ್ಡ ಬೆಂಚಿನ ಮೇಲೆ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತೆ. ಎದುರಿನಲ್ಲಿ ಆ ನಾಲ್ವರು. ಒಬ್ಬ ಕೆಮ್ಮಿದರೆ ಅವನ ಮುಖದ ಹತ್ತಿರ ಬಾಗುತ್ತಿದ್ದೆ. ಒಬ್ಬ ಹೊಟ್ಟೆ ತುರಿಸಿಕೊಂಡರೆ ಎದ್ದು ನಿಲ್ಲುತ್ತಿದ್ದೆ. ಮಕ್ಕಳಿಗೆ ಇದು ಆಟವಾಯಿತು. ಒಬ್ಬ ಬೇಕೆಂದೇ ಕೆಮ್ಮಿ ನನ್ನ ಮುಖ ನೋಡುತ್ತಿದ್ದ. ಹನ್ನೆರಡೂಕಾಲಕ್ಕೆ, ಆಟವಾಡುತ್ತಿದ್ದ ಲೀಲಾ ಸುಮ್ಮನಾದಳು. ಗೋಡೆಗೆ ಒರಗಿದಳು. ಆಮೇಲೆ ವಾಂತಿ ಮಾಡಿದಳು.

ಅವಳನ್ನು ಹೆಗಲಿಗೆ ಹಾಕಿಕೊಂಡು ನಾನು, ಕೊಡೆ ಹಿಡಿದು ಟೀಚರ್, ಡಾಕ್ಟರಲ್ಲಿಗೆ ಓಡಿದೆವು. ಅವಳ ತಲೆ ನನ್ನ ಕುತ್ತಿಗೆಗೆ ಒರಗಿತ್ತು, ಬಿಸಿ ಉಸಿರು ತಾಗುತ್ತಿತ್ತು. ಆ ಉಸಿರನ್ನೇ ಕೇಳಿಸಿಕೊಳ್ಳುತ್ತ ಹೋದೆ.

"ಎಂತ ತಿಂದಿದ್ದಾಳೆ?" ಡಾಕ್ಟರು ಕೇಳಿದರು. ನಾನು ಜೇಬಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟೆ.

"ಇದನ್ನು ಮಾರಿದವ ಯಾರು?"

"ನಾನು."

ಡಾಕ್ಟರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಮಗುವಿಗೆ ಔಷಧಿ ಕುಡಿಸಿ ಒಳಗಿನ ಮಂಚದಲ್ಲಿ ಮಲಗಿಸಿದರು. ಯಾರೋ ಹೇಳಿ ಕಳಿಸಿ, ಗೇರುಬೀಜದ ಕಾರ್ಖಾನೆಯಿಂದ ತಾಯಿ ಓಡಿ ಬಂದಳು. ಬೀಜ ಒಡೆದು ಕಪ್ಪಾದ ಕೈಗಳಿಂದ ಮಗುವನ್ನು ಮುಟ್ಟಲು ಹೆದರಿ, ಮೊಣಕೈಯಿಂದ ಅದರ ಕೂದಲು ಸರಿಸಿದಳು. ನಾನು ಮೂಲೆಯಲ್ಲಿ ನಿಂತಿದ್ದೆ. ನಾನು ಯಾರೆಂದು ಅವಳಿಗೆ ಹೇಳಬೇಕಿತ್ತು. ಹೇಳಿದೆ. ಅವಳು ನನ್ನ ಕಡೆ ತಿರುಗಲೂ ಇಲ್ಲ.

ಮೂರು ಗಂಟೆಗೆ ಲೀಲಾ ನೀರು ಕೇಳಿದಳು. ನಾಲ್ಕು ಗಂಟೆಗೆ ಎದ್ದು ಕುಳಿತು ಗಂಜಿ ಬೇಕೆಂದಳು. ಆಗ ತಾಯಿ, ಯಾರಿಗೂ ಅಲ್ಲದ ಹಾಗೆ, "ನಿನ್ನೆಯಿಂದಲೂ ಅವಳ ಹೊಟ್ಟೆ ಸರಿ ಇರಲಿಲ್ಲ" ಎಂದಳು. ನಾನು ತಲೆ ಎತ್ತಿದೆ. ಸುನಂದಾ ಟೀಚರ್ ತಗ್ಗಿದ ದನಿಯಲ್ಲಿ, "ಅದನ್ನು ಹಿಡಿದುಕೊಂಡು ತಪ್ಪಿಸಿಕೊಳ್ಳಬೇಡಿ" ಎಂದರು. ವಾಂತಿ ಬನ್ನಿನಿಂದ ಆದದ್ದೋ ಅಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಒಂಬತ್ತು ಅಂಗಡಿಗಳಿಂದ ಮಾರಾಟವಾಗಿ ಹೋಗಿ, ಸಿಗದೇ ಉಳಿದ ಬನ್ನುಗಳು ಹದಿನೇಳು. ಅವನ್ನು ಯಾರು ತಿಂದರು, ಏನಾಯಿತು ಎಂಬುದೂ ಗೊತ್ತಿಲ್ಲ.

ಆ ಸಂಜೆ ಸೈಕಲ್ಲು ಹಿಂದಿರುಗಿಸಿ, ಖಾಲಿ ಪೆಟ್ಟಿಗೆಗಳೊಂದಿಗೆ ಗೋಣಿಚೀಲ ಹೊತ್ತು ಕಾಪುವಿನಲ್ಲಿ ಬಸ್ಸಿಳಿದೆ. ಹಸನಾಕ ಭಟ್ಟಿಯ ಎದುರು ಕುಳಿತು ಸೌದೆ ಜೋಡಿಸುತ್ತಿದ್ದರು. ಚೀಲವನ್ನು ಅವರ ಮುಂದಿಟ್ಟು ಭಾನುವಾರದಿಂದ ಶುರುಮಾಡಿ ಎಲ್ಲ ಹೇಳಿದೆ. ಅವರು ಕೇಳುತ್ತ ಒಂದೊಂದೇ ಬನ್ನನ್ನು ತೆಗೆದು, ಮುರಿದು, ಮೂಸಿ, ಎರಡು ರಾಶಿ ಮಾಡಿದರು. ಕೊನೆಗೆ ಎರಡೂ ರಾಶಿಯನ್ನು ಒಂದು ಮಾಡಿದರು.

"ಇದರಲ್ಲಿ ಒಂದೂ ರಸ್ಕಿಗೆ ಆಗುವುದಿಲ್ಲ. ಎಮ್ಮೆಗೂ ಹಾಕುವ ಹಾಗಿಲ್ಲ," ಎಂದರು.

"ತಪ್ಪಾಯಿತು ಹಸನಾಕ."

"ಭಾನುವಾರ ಮಧ್ಯಾಹ್ನ ನೀನು ಬಸ್ಸಿನಿಂದ ಇಳಿದಿದ್ದರೆ ನಾನು ನಗುತ್ತಿದ್ದೆ. ನಗುತ್ತ ಕೊಯ್ಯುತ್ತಿದ್ದೆ. ಒಂದು ವಾರ ರಸ್ಕು ಮಾರುತ್ತಿದ್ದೆವು." ಅವರು ನನ್ನ ಮುಖ ನೋಡಲಿಲ್ಲ. "ಉಳಿದದ್ದಕ್ಕೆ ಭಟ್ಟಿ ಉಂಟು ಸದಾಶಿವ. ಅಡಗಿಸಿಟ್ಟದ್ದಕ್ಕೆ ನನ್ನ ಹತ್ತಿರ ಎಂತ ಉಂಟು?"

ಹಿತ್ತಿಲಿನಲ್ಲಿ ತೆಂಗಿನ ಮರಗಳ ಬುಡ ಬಿಡಿಸಿ, ಬನ್ನುಗಳನ್ನೆಲ್ಲ ಹಾಕಿ, ಮಣ್ಣು ಮುಚ್ಚಿದೆವು. ಗುಂಡಿ ತೋಡಿದ್ದು ನಾನು. ಅವರು ನನ್ನನ್ನು ಹೊರಗೆ ಹಾಕುತ್ತಾರೆ ಎಂದು ಗುದ್ದಲಿಯ ಪ್ರತಿ ಏಟಿಗೂ ಕಾದೆ. ಹಾಕಲಿಲ್ಲ. ಮರುದಿನ ಬೆಳಗ್ಗೆ ತಾವೇ ನನ್ನೊಂದಿಗೆ ಬಸ್ಸು ಹತ್ತಿ, ಒಂಬತ್ತೂ ಅಂಗಡಿಗೆ ಬಂದು, "ನಮ್ಮಿಂದ ತಪ್ಪಾಗಿದೆ" ಎಂದರು. 'ನಮ್ಮಿಂದ' ಎಂದರು. ಲೀಲಾಳ ಮನೆಗೆ ಒಂದು ಚಿಪ್ಪು ಬಾಳೆಹಣ್ಣು ಒಯ್ದರು. ಅವಳು ಅಂಗಳದಲ್ಲಿ ಕೋಳಿಯನ್ನು ಅಟ್ಟಿಸಿಕೊಂಡು ಓಡುತ್ತಿದ್ದಳು. ಅಷ್ಟು ಚಂದದ ಓಟವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಇಷ್ಟಾದ ಮೇಲೆ ಬೀಫಾತಿಮಾ ಒಂದು ಮಾತು ಹೇಳಿದರು. "ನಮ್ಮ ಹಿತ್ತಿಲ ಕಡೆಯಿಂದ ಹೆಂಗಸರು ಬಂದು ನಿನ್ನೆಯ ಬ್ರೆಡ್ ಉಂಟಾ ಅಂತ ಕೇಳುತ್ತಾರೆ. ಚಹಾದಲ್ಲಿ ಅದ್ದಿದರೆ ತುಂಡಾಗುವುದಿಲ್ಲ, ಅಗ್ಗವೂ ಆಗುತ್ತದೆ ಅಂತ. ಅದನ್ನು ಎದುರಿನಿಂದಲೇ ಕೊಟ್ಟರೆ ಎಂತ?" ಹಾಗೆ ಅಂಗಡಿಯ ಮುಂದೆ ಒಂದು ಬೇರೆ ಪೆಟ್ಟಿಗೆ ಬಂತು. ಹಸನಾಕನಿಗೆ ಕನ್ನಡ ಬರೆಯಲು ಬಾರದು. ಬೋರ್ಡು ಬರೆಯುವ ಕೆಲಸ ನನ್ನ ಪಾಲಿಗೆ. ರಟ್ಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ 'ನಿನ್ನೆಯದು' ಎಂದು ಬರೆದೆ. ಒತ್ತಕ್ಷರ ಸ್ವಲ್ಪ ಜಾರಿತ್ತು.

ಮೂರು ದಿನ ಆ ಪೆಟ್ಟಿಗೆಯ ಹತ್ತಿರ ಯಾರೂ ಸುಳಿಯಲಿಲ್ಲ. ಅಷ್ಟೇ ಅಲ್ಲ, ದಿನವೂ ಬರುತ್ತಿದ್ದ ಕೆಲವರು ಇಂದಿನ ಬ್ರೆಡ್ಡನ್ನೂ ಅನುಮಾನದಿಂದ ನೋಡಲು ಶುರುಮಾಡಿದರು. ಆ ಬೇಕರಿಯಲ್ಲಿ ಹಳೆಯದನ್ನು ಮಾರುತ್ತಾರಂತೆ ಎಂಬ ಮಾತು ಬಸ್‌ಸ್ಟ್ಯಾಂಡಿನವರೆಗೂ ಹೋಯಿತು. ನಾನು ಬೋರ್ಡು ತೆಗೆಯುವ ಎಂದೆ. ಹಸನಾಕ ಪೆಟ್ಟಿಗೆಯಲ್ಲಿ ಉಳಿದದ್ದನ್ನು ಸಂಜೆ ರಸ್ಕಿಗೆ ಕೊಯ್ದು, ಬೋರ್ಡನ್ನು ಮರುದಿನ ಮತ್ತೆ ಅಲ್ಲೇ ಇಟ್ಟರು. ನಾಲ್ಕನೆಯ ದಿನ, ಮೀನು ಮಾರಿ ಖಾಲಿ ಬುಟ್ಟಿಯೊಂದಿಗೆ ಹಿಂದಿರುಗುತ್ತಿದ್ದ ಒಬ್ಬ ಹೆಂಗಸು ಪೆಟ್ಟಿಗೆಯ ಮುಂದೆ ನಿಂತಳು.

"ಎಂತ ಬರೆದದ್ದು ಇದು?"

ಓದಿ ಹೇಳಿದೆ. ಅವಳು ಗಟ್ಟಿಯಾಗಿ ನಕ್ಕಳು. "ಎಲ್ಲ ಕಡೆಯೂ ನಿನ್ನೆಯದೇ ಕೊಡುವುದು. ನೀವು ಮಾತ್ರ ಬರೆದದ್ದು. ನಾಲ್ಕು ಕೊಡಿ." ಆ ತಿಂಗಳು ಮುಗಿಯುವಾಗ ಸಂಜೆ ಐದಕ್ಕೆ ಆ ಪೆಟ್ಟಿಗೆಯ ಮುಂದೆ ಜನ ನಿಲ್ಲುತ್ತಿದ್ದರು, ನಿನ್ನೆಯದು ಮುಗಿಯಿತು ಎಂದರೆ ಮುಖ ಸಣ್ಣ ಮಾಡುತ್ತಿದ್ದರು. ನಾನು ಹೋದಲ್ಲೆಲ್ಲ ಮರುದಿನಕ್ಕೆ ಎಷ್ಟು ಬೇಕೆಂದು ಕೇಳಿ ಬಂದು ಹೇಳುತ್ತಿದ್ದೆ. ಹಸನಾಕ ಅಷ್ಟಕ್ಕೇ ಹಿಟ್ಟು ಕಲಸುತ್ತಿದ್ದರು. ಕಂಡಕ್ಟರು ರಿಟರ್ನ್ ಟಿಕೇಟಿನ ಮಾತೆತ್ತಿದರೆ "ಎರಡು ಪೆಟ್ಟಿಗೆಗೆ ಕೊಡಿ" ಎನ್ನುವಷ್ಟು ನಾಚಿಕೆ ಬಿಟ್ಟಿದ್ದೆ.

ಕಾರ್ಕಳದ ಅಂಗಡಿಗಳು ಒಂದೊಂದಾಗಿ ನಮ್ಮ ರಸ್ಕು ತೆಗೆದುಕೊಳ್ಳಲು ಶುರುಮಾಡಿದವು. ರೋಸಿಬಾಯಿ ಪ್ರತಿ ಪೊಟ್ಟಣವನ್ನೂ ತಲೆಕೆಳಗು ಮಾಡಿ ನೋಡಿಯೇ ಒಳಗಿಡುತ್ತಿದ್ದರು. ಬಾಲವಾಡಿಯ ಗೇಟಿನ ಮುಂದೆ ಹೋಗುವಾಗ ಮಾತ್ರ ನಾನು ಇನ್ನೊಂದು ಬದಿಯ ರಸ್ತೆ ಹಿಡಿಯುತ್ತಿದ್ದೆ. ಎಂಟು ತಿಂಗಳಾದ ಮೇಲೆ, ಬೇಸಗೆ ರಜೆ ಮುಗಿದು ಬಾಲವಾಡಿ ತೆರೆದ ವಾರ, ರೋಸಿಬಾಯಿ ಹೇಳಿದರು: "ಟೀಚರ್ ನಿಮಗೆ ಬರಲು ಹೇಳಿದ್ದಾರೆ. ನಲವತ್ತು ರಸ್ಕು ಬೇಕಂತೆ. ನೀವೇ ತರಬೇಕಂತೆ."

ಆ ದಿನದ ರಸ್ಕನ್ನು ಭಟ್ಟಿಯಿಂದ ತೆಗೆದು ನಾನೇ ಆರಿಸಿದೆ, ಒಂದೊಂದನ್ನೂ ಎರಡೂ ಮೈ ನೋಡಿ ಡಬ್ಬಿಗೆ ಹಾಕಿದೆ. ಬಾಲವಾಡಿಯಲ್ಲಿ ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕುಳಿತಿದ್ದರು. ಪ್ರಾರ್ಥನೆ ಮುಗಿದಿತ್ತು. ಡಬ್ಬಿಯನ್ನು ಟೀಚರ್ ಕೈಗೆ ಕೊಟ್ಟೆ. ಅವರು ಮುಚ್ಚಳ ತೆಗೆದು, ತಳದಿಂದ ಒಂದು ರಸ್ಕು ಎಳೆದು ನನ್ನ ಕೈಯಲ್ಲಿಟ್ಟರು.

"ಕುಳಿತುಕೊಳ್ಳಿ," ಎಂದರು. "ಮೊದಲು ನೀವು ತಿನ್ನಿ."

ಗಿಡ್ಡ ಬೆಂಚಿನ ಮೇಲೆ ಕುಳಿತು ಕಚ್ಚಿದೆ. ಅಷ್ಟೂ ಮಕ್ಕಳು ಉಸಿರು ಬಿಗಿಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದರು. ರಸ್ಕು ಮುರಿಯುವ ಸದ್ದು ಇಡೀ ಕೋಣೆಗೆ ಕೇಳಿಸಿತು. ಅಗಿದೆ. ನುಂಗಿದೆ. ಟೀಚರ್ ಗೋಡೆಯ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು. ಮುಂದಿನ ಸಾಲಿನ ಒಬ್ಬ ಪುಟ್ಟ ಹುಡುಗ, "ಟೀಚರ್, ಇವರು ಇನ್ನೂ ವಾಂತಿ ಮಾಡಲಿಲ್ಲ" ಎಂದ.

ಸುನಂದಾ ಟೀಚರ್ ತುಟಿ ಬಿಗಿಹಿಡಿದು ಆಚೆ ತಿರುಗಿದರು. ಆಮೇಲೆ ಡಬ್ಬಿಯನ್ನು ಚಾಪೆಯ ಮುಂದಿಟ್ಟು ಮಕ್ಕಳಿಗೆ ಹೇಳಿದರು:

"ಹೋಗಿ. ಕೈ ತೊಳೆದು ಬನ್ನಿ."